ನಿಮಗಿದು ಗೊತ್ತೇ? ಕಿರುತೆರೆಗೆ ಹಾರ, ಶಾಲು, ಫಲಕ

◆ ಟಿವಿ ಲೋಕದಲ್ಲಿ ‘ಎಮ್ಮಿ’ಗಿಂತ ದೊಡ್ಡ ಹೆಸರಿನ ಪ್ರಶಸ್ತಿ ಇಲ್ಲ. ಅದು ಹುಟ್ಟಿದ್ದು ಮಾತ್ರ ಒಂದೇ ಊರಿನ ಪ್ರಶಸ್ತಿಯಾಗಿ. 1949ರ ಜನವರಿ 25ರ ರಾತ್ರಿ ಹಾಲಿವುಡ್ ಅಥ್ಲೆಟಿಕ್ ಕ್ಲಬ್ಬಿನಲ್ಲಿ ನಡೆದ ಮೊದಲ ಸಮಾರಂಭದಲ್ಲಿ ಲೆಕ್ಕಕ್ಕೆ ಬಂದದ್ದು ಲಾಸ್ ಏಂಜಲೀಸ್ ಸುತ್ತಮುತ್ತ ತಯಾರಾಗಿ ಅಲ್ಲೇ ಪ್ರಸಾರವಾದ ಕಾರ್ಯಕ್ರಮಗಳಷ್ಟೇ. ನ್ಯೂಯಾರ್ಕಿನವರಿಗೆ ಕರೆಯೇ ಇರಲಿಲ್ಲ. ಟಿಕೆಟ್ 5 ಡಾಲರ್, ಕೊಟ್ಟ ಪ್ರಶಸ್ತಿ ಆರು. ತುಮಕೂರಿನ ಕೇಬಲ್‌ನವರು ಟೌನ್‌ಹಾಲ್ ಹಿಡಿದು ತಮ್ಮತಮ್ಮಲ್ಲೇ ಬಹುಮಾನ ಹಂಚಿಕೊಂಡಂತೆ ಅನ್ನಿ.

◆ ಆ ರಾತ್ರಿ ಮೊತ್ತಮೊದಲ ಎಮ್ಮಿ ಪಡೆದವರು ಷರ್ಲಿ ಡಿನ್ಸ್‌ಡೇಲ್. ಇಪ್ಪತ್ತರ ಆಜೂಬಾಜಿನ ಹುಡುಗಿ. ಕೈಯಲ್ಲಿ ಜೂಡಿ ಸ್ಪ್ಲಿಂಟರ್ಸ್ ಎಂಬ ಗೊಂಬೆ; ತನ್ನ ತುಟಿ ಅಲುಗದಂತೆ ಗೊಂಬೆಯನ್ನು ಮಾತಾಡಿಸುವುದು ಆಕೆಯ ವಿದ್ಯೆ. ಮುಂದೆ ಆಕೆ ಟಿವಿಯ ಸಹವಾಸ ಬಿಟ್ಟು, ಉಸಿರಾಟದ ತೊಂದರೆಯವರಿಗೆ ಚಿಕಿತ್ಸೆ ಕೊಡುವ ತರಬೇತಿ ಪಡೆದು ಆಸ್ಪತ್ರೆ ಕೆಲಸಕ್ಕೆ ಸೇರಿದರು. ಇದೇ ವಿದ್ಯೆ ಕನ್ನಡದ ಮನೆಮನೆಗೆ ಬಂದದ್ದು ಇಂದುಶ್ರೀ ಅವರಿಂದ. ಅವರ ‘ಡಿಂಕು’ ಮಾತಾಡುತ್ತಿದ್ದಾಗ ಮಕ್ಕಳ ಕಣ್ಣೆಲ್ಲ ಇಂದುಶ್ರೀಯವರ ತುಟಿಯ ಮೇಲೆ, ಎಲ್ಲಾದರೂ ಅಲುಗೀತೇ ಎಂದು.

◆ ಎಮ್ಮಿ ಯಾವ ಹೆಂಗಸಿನ ಹೆಸರೂ ಅಲ್ಲ. ಆ ಕಾಲದ ಟಿವಿ ಕ್ಯಾಮೆರಾದೊಳಗಿದ್ದ ‘ಇಮೇಜ್ ಆರ್ಥಿಕಾನ್’ ಎಂಬ ಕೊಳವೆಯನ್ನು ಕೆಲಸಗಾರರು ಮುದ್ದಿಗೆ ‘ಇಮ್ಮಿ’ ಅನ್ನುತ್ತಿದ್ದರು, ಅದೇ ಎಮ್ಮಿಯಾಯಿತು. ಮೂರ್ತಿಯಲ್ಲಿರುವುದು ಮಾತ್ರ ನಿಜವಾದ ಹೆಂಗಸೇ. 47 ನಮೂನೆಗಳನ್ನು ಬೇಡವೆಂದ ಮೇಲೆ ಒಪ್ಪಿಗೆಯಾದ ಈ ಮೂರ್ತಿಗೆ ಟಿವಿ ಎಂಜಿನಿಯರ್ ಲೂಯಿ ಮೆಕ್‌ಮೇನಸ್ ತಮ್ಮ ಹೆಂಡತಿ ಡೊರೊಥಿಯನ್ನೇ ಮಾದರಿಯಾಗಿ ನಿಲ್ಲಿಸಿಕೊಂಡಿದ್ದರು.

◆ ಕರ್ನಾಟಕದಲ್ಲಿ ಟಿವಿಯನ್ನು ಮೊದಲು ಕಂಡದ್ದು ಬೆಂಗಳೂರಿನ ಬಂಗಲೆಗಳಲ್ಲ. ರಾಯಚೂರು, ಕಲಬುರಗಿ, ವಿಜಯಪುರ ಜಿಲ್ಲೆಗಳ ಹಳ್ಳಿಗಳು! 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೊ ಮತ್ತು ಆಕಾಶವಾಣಿ–ದೂರದರ್ಶನದವರು ಸೇರಿ ನಡೆಸಿದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ 2400 ಹಳ್ಳಿಗಳಿಗೆ ಸಮುದಾಯ ಟಿವಿ ಬಂತು. ಅಮೆರಿಕದ ಎಟಿಎಸ್–6 ಉಪಗ್ರಹದಿಂದ ನೇರ ಹಳ್ಳಿಗೇ ಚಿತ್ರ. ತಂತಿಬಲೆಯ ಛತ್ರಿಯಂಥ ಆಂಟೆನಾ, ಒಂದು ಪೆಟ್ಟಿಗೆ, ಅದರ ಮುಂದೆ ಇಡೀ ಊರು. ಕೃಷಿ, ಆರೋಗ್ಯ, ಮಕ್ಕಳ ಪಾಠವೆಲ್ಲ ಕನ್ನಡದಲ್ಲೇ. ಅವು ತಯಾರಾಗುತ್ತಿದ್ದುದು ಮಾತ್ರ ಹೈದರಾಬಾದಿನಲ್ಲಿ. ಪ್ರಯೋಗದ ವರ್ಷ ಮುಗಿದ ಮೇಲೆ, 1977ರಲ್ಲಿ ಕಲಬುರಗಿಗೆ ದೂರದರ್ಶನ ಕೇಂದ್ರ ಬಂತು. ರಾಜಧಾನಿಗೆ ಬಂದದ್ದು ಅದಾದ ಮೇಲೆ.

◆ ಅದೇ ಉಪಗ್ರಹದ ಕಾರ್ಯಕ್ರಮ ನೋಡಲು ಇಸ್ರೊ ಎಂಜಿನಿಯರುಗಳು ಕೊಲಂಬೊಗೆ ಹೋಗಿ ಒಬ್ಬ ಲೇಖಕರ ಮನೆಯ ಮಹಡಿ ಮೇಲೆ ಆಂಟೆನಾ ಕೂರಿಸಿ ಕೊಟ್ಟಿದ್ದರು. ಆ ಲೇಖಕರು ಆರ್ಥರ್ ಸಿ. ಕ್ಲಾರ್ಕ್. ಉಪಗ್ರಹಗಳಿಂದ ಸಂಪರ್ಕ ಸಾಧ್ಯ ಎಂದು 1945ರಷ್ಟು ಹಿಂದೆಯೇ ಬರೆದಿದ್ದ ಮನುಷ್ಯ.

◆ ಇನ್ನು ನಮ್ಮ ಗೂಳೂರಿನ ಕಡೆಗೆ ಬರೋಣ. ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದರೆ ಕೆಲವೇ ಕಿಲೋಮೀಟರ್. ಮೀನಿನ ಮುಳ್ಳಿನಂಥ ಆಂಟೆನಾಗಳ ಕಾಲದಲ್ಲಿ ಈ ಸೀಮೆಯ ಹೆಂಚಿನ ಮನೆಗಳ ಮೇಲಿನ ಕೊಳವೆಗಳೆಲ್ಲ ಒಂದೇ ದಿಕ್ಕಿಗೆ, ಬೆಂಗಳೂರಿನ ಕಡೆಗೆ, ಮುಖ ಮಾಡಿರುತ್ತಿದ್ದವು. ಗಾಳಿ ಬಂದರೆ ಒಬ್ಬ ಮೇಲೆ ಹತ್ತಿ ತಿರುಗಿಸಬೇಕು, ಒಬ್ಬ ಕಿಟಕಿಯಲ್ಲಿ ನಿಂತು ಕೂಗಬೇಕು. ಇಂಥ ಪ್ರಸಾರದ ಕಾಲ ಮುಗಿದಿದೆ. ಆಯಕಟ್ಟಿನ ಕೆಲವು ಜಾಗ ಬಿಟ್ಟು ದೇಶದ ಉಳಿದ ಹಳೆಯ ಅನಲಾಗ್ ಟ್ರಾನ್ಸ್‌ಮಿಟರುಗಳನ್ನೆಲ್ಲ 2022ರ ಮಾರ್ಚ್ ಹೊತ್ತಿಗೆ ನಿಲ್ಲಿಸಿಬಿಡಲು ಪ್ರಸಾರ ಭಾರತಿ ತೀರ್ಮಾನಿಸಿತ್ತು.

◆ ಕಲಾವಿದರಿಗೆ ವೇದಿಕೆ ಮೇಲೆಯೇ ಪ್ರಶಸ್ತಿ ಕೊಡುವ ಪದ್ಧತಿ ಟಿವಿಯವರು ಕಂಡುಹಿಡಿದದ್ದೇನಲ್ಲ. ಗುಬ್ಬಿಯವರನ್ನು ಕೇಳಿ. 1884ರಲ್ಲಿ ಶುರುವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿಯ ಕಾಲದಲ್ಲಿ ಪಾತ್ರ ಮೆಚ್ಚಿದವರು ಬೆಳ್ಳಿ ಪದಕ ಮಾಡಿಸಿಕೊಂಡು ಬಂದು ಕೊಡುತ್ತಿದ್ದರು. ಹಳೆಯ ಕಂಪನಿ ನಟರ ಫೋಟೊಗಳಲ್ಲಿ ಕೋಟಿನ ಎದೆಯ ಮೇಲೆ ಪದಕಗಳ ಸಾಲು ಇರುವುದು ಅದಕ್ಕೇ. ಓಟು, ಎಸ್ಸೆಮ್ಮೆಸ್ಸು ಏನೂ ಇಲ್ಲ. ಮೆಚ್ಚಿದವನು ತನ್ನ ಕಾಸಿನಲ್ಲೇ ಮೆಚ್ಚಬೇಕು. ನನ್ನ ಕೇಳಿದರೆ ಅದಕ್ಕಿಂತ ನೆಟ್ಟಗಿನ ಪ್ರಶಸ್ತಿ ಪದ್ಧತಿ ಮತ್ತೆ ಬಂದಿಲ್ಲ.

◆ ‘ನಾಟಕರತ್ನ’ ಗುಬ್ಬಿ ವೀರಣ್ಣನವರಿಗೆ ಪದ್ಮಶ್ರೀ ಬಂದದ್ದು 1972ರಲ್ಲಿ. ಅವರು ತೀರಿಕೊಂಡದ್ದೂ ಅದೇ ವರ್ಷದ ಅಕ್ಟೋಬರಿನಲ್ಲಿ. ಈಗ ರಾಜ್ಯ ಸರ್ಕಾರ ರಂಗಭೂಮಿಯ ಸಾಧಕರಿಗೆ ಕೊಡುವ ಪ್ರಶಸ್ತಿ ಅವರ ಹೆಸರಿನದೇ. ಅವರ ಮೊಮ್ಮಗಳು ಬಿ. ಜಯಶ್ರೀ ಅವರಿಗೂ 2013ರಲ್ಲಿ ಪದ್ಮಶ್ರೀ ಬಂತು.

◆ ಸಿನಿಮಾಕ್ಕೆ ಕೊಡುವ ರಾಷ್ಟ್ರಪ್ರಶಸ್ತಿಯ ಪಟ್ಟಿಗೆ ಕನ್ನಡದ ಹೆಸರನ್ನು ಸೇರಿಸಿದ ಮೊದಲ ಚಿತ್ರ 1954ರ ‘ಬೇಡರ ಕಣ್ಣಪ್ಪ’. ಎಚ್.ಎಲ್.ಎನ್. ಸಿಂಹ ನಿರ್ದೇಶನ, ಗುಬ್ಬಿಯವರ ಕರ್ನಾಟಕ ಪ್ರೊಡಕ್ಷನ್ಸ್ ನಿರ್ಮಾಣ, ನಾಯಕ ಗುಬ್ಬಿ ಕಂಪನಿಯಲ್ಲೇ ಪಳಗಿದ ಹುಡುಗ ರಾಜ್‌ಕುಮಾರ್. ಅದೇ ಕಂಪನಿಯಲ್ಲಿ ಬಣ್ಣ ಹಚ್ಚಿದ್ದ ತಿಪಟೂರಿನ ನರಸಿಂಹರಾಜು ಕೂಡ ಆ ಚಿತ್ರದಿಂದಲೇ ಬೆಳ್ಳಿತೆರೆಗೆ ಬಂದರು.

◆ ಆದರೆ ಧಾರಾವಾಹಿ ಮಾಡಿದವರಿಗೆ ರಾಷ್ಟ್ರಪ್ರಶಸ್ತಿ ಎಂಬುದು ಇಲ್ಲವೇ ಇಲ್ಲ. ಸಿನಿಮಾಗಳಿಗೆ ನಾಲ್ಕು ಸಲ ಸ್ವರ್ಣಕಮಲ ಗೆದ್ದ ಗಿರೀಶ ಕಾಸರವಳ್ಳಿ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ಈಟಿವಿಗೆ ಧಾರಾವಾಹಿ ಮಾಡಿದರು. ತಿಪಟೂರು–ಚನ್ನರಾಯಪಟ್ಟಣ ಸೀಮೆಯ ಬರ, ಪ್ಲೇಗು, ಶ್ಯಾನುಭೋಗಿಕೆ, ಬೈಗುಳಗಳೆಲ್ಲ ನಮ್ಮ ನಡುಮನೆಗೆ ಬಂದವು. ನಂಜಮ್ಮನಾಗಿ ಮಾಳವಿಕಾ ಬಂದರು. ಅಷ್ಟು ಗಟ್ಟಿ ಕೆಲಸವನ್ನು ಕಳಿಸಿಕೊಡೋಣ ಅಂದರೆ ದೆಹಲಿಯಲ್ಲಿ ಅದಕ್ಕೊಂದು ವಿಭಾಗವೇ ಇರಲಿಲ್ಲ. ಗೋವಾದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ವೆಬ್ ಸರಣಿಗಳಿಗೆ ಪ್ರಶಸ್ತಿ ಶುರುವಾದದ್ದೂ 2023ರಲ್ಲಿ. ಮೊದಲ ಬಹುಮಾನ ಹಳ್ಳಿಯ ಪಂಚಾಯಿತಿ ಆಫೀಸಿನ ಕಥೆಯಾದ ‘ಪಂಚಾಯತ್’ ಎರಡನೇ ಸರಣಿಗೆ ಬಂತು.

◆ ಕೆಲವರಿಗೆ ಧಾರಾವಾಹಿಯೇ ಬಿರುದಾಗಿ ಅಂಟಿಕೊಂಡಿತು. ಬೆಂಗಳೂರು ದೂರದರ್ಶನದ ಆರಂಭದ ದಿನಗಳ ‘ಸಿಹಿಕಹಿ’ ಮುಗಿದು ಎಷ್ಟೋ ಕಾಲವಾಯಿತು. ಚಂದ್ರು ಇವತ್ತಿಗೂ ಸಿಹಿಕಹಿ ಚಂದ್ರು, ಗೀತಾ ಇವತ್ತಿಗೂ ಸಿಹಿಕಹಿ ಗೀತಾ. ಯಾವ ಫಲಕ ಇಷ್ಟು ಬಾಳಿಕೆ ಬರುತ್ತದೆ ಹೇಳಿ!

◆ ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ಗೆ ಒಂದು ರೈಲ್ವೆ ನಿಲ್ದಾಣವೇ ಪ್ರಶಸ್ತಿಯಾಗಿ ಬಂದಿದೆ. ಅದರಲ್ಲಿ ಕಾಣಿಸಿಕೊಂಡ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದ ಹಳೆಯ ಕಟ್ಟಡವನ್ನು ರೈಲ್ವೆಯವರು ದುರಸ್ತಿ ಮಾಡಿಸಿ, 2020ರಲ್ಲಿ ‘ಮಾಲ್ಗುಡಿ ಮ್ಯೂಸಿಯಂ’ ಮಾಡಿದರು.

◆ ತುರುವೇಕೆರೆ ತಾಲ್ಲೂಕಿನ ದಂಡಿನಶಿವರದ ಪಿ. ಶೇಷಾದ್ರಿ ಎಂದರೆ ರಾಷ್ಟ್ರಪ್ರಶಸ್ತಿ ನೆನಪಾಗುತ್ತದೆ. ‘ಮುನ್ನುಡಿ’, ‘ಅತಿಥಿ’, ‘ಬೇರು’, ‘ತುತ್ತೂರಿ’, ‘ವಿಮುಕ್ತಿ’, ‘ಬೆಟ್ಟದ ಜೀವ’, ‘ಭಾರತ್ ಸ್ಟೋರ್ಸ್’, ‘ಡಿಸೆಂಬರ್–1’ ಹೀಗೆ ಒಂದರ ಹಿಂದೊಂದು ಎಂಟು ಚಿತ್ರ, ಎಂಟಕ್ಕೂ ಪ್ರಶಸ್ತಿ. ಅವರ ಕೈ ಪಳಗಿದ್ದು ಕಿರುತೆರೆಯಲ್ಲಿ ಎಂಬುದು ಮರೆತುಹೋಗುತ್ತದೆ. 1998ರಲ್ಲಿ ದೂರದರ್ಶನದಲ್ಲಿ ಶುರುವಾಗಿ, ಸಂಜೆಯ ಹೊತ್ತು ಮನೆಗೆ ನೆಂಟರು ಬಂದರೂ ಯಾರೂ ಮಾತಾಡಿಸದಂತೆ ಮಾಡಿದ್ದ ‘ಮಾಯಾಮೃಗ’ಕ್ಕೆ ನಿರ್ದೇಶಕರು ಮೂವರು: ಟಿ.ಎನ್. ಸೀತಾರಾಂ, ನಾಗೇಂದ್ರ ಶಾ ಮತ್ತು ಇದೇ ಶೇಷಾದ್ರಿ.

◆ ಅವರ ‘ಡಿಸೆಂಬರ್–1’ರ ಕಥೆ ನೋಡಿ. ಮುಖ್ಯಮಂತ್ರಿ ಗ್ರಾಮವಾಸ್ತವ್ಯಕ್ಕೆ ಒಬ್ಬ ಬಡವನ ಮನೆಗೆ ಬರುತ್ತಾರೆ; ಹಿಂದೆಯೇ ಟಿವಿ ಕ್ಯಾಮೆರಾಗಳ ದಂಡು. ಒಂದು ರಾತ್ರಿ ಆ ಮನೆ ಇಡೀ ರಾಜ್ಯದ ಕಣ್ಣಿಗೆ ಬೀಳುತ್ತದೆ. ಕ್ಯಾಮೆರಾ ಹೊರಟುಹೋದ ಮೇಲೆ ಆ ಸಂಸಾರದ ಗತಿ ಏನಾಯಿತು ಎಂಬುದೇ ಸಿನಿಮಾ. ಅತ್ಯುತ್ತಮ ಕನ್ನಡ ಚಿತ್ರದ ಜೊತೆಗೆ ಚಿತ್ರಕಥೆಗೂ ರಾಷ್ಟ್ರಪ್ರಶಸ್ತಿ ಬಂತು. ಟಿವಿ ಸುದ್ದಿಯ ಸಮಾರಂಭಗಳಲ್ಲಿ ಪ್ರಶಸ್ತಿ ಕೊಡುವ ಮುನ್ನ ಇದನ್ನೊಮ್ಮೆ ತೋರಿಸಬಹುದು, ಊಟಕ್ಕೆ ಮೊದಲು.

◆ ಟಿವಿ ಪೆಟ್ಟಿಗೆಯೇ ಕಥೆ ನಡೆಸುವ ಚಿತ್ರದ ಪಾತ್ರಕ್ಕೂ ರಾಷ್ಟ್ರಪ್ರಶಸ್ತಿ ಬಂದಿದೆ. ವೈದೇಹಿ ಅವರ ಕಥೆ ಆಧರಿಸಿದ ಕಾಸರವಳ್ಳಿಯವರ ‘ಗುಲಾಬಿ ಟಾಕೀಸು’ನಲ್ಲಿ ಸೂಲಗಿತ್ತಿ ಗುಲಾಬಿಗೆ ಸಿನಿಮಾ ಹುಚ್ಚು. ಹೆರಿಗೆಗೆ ಬಂದರೆ ಸಾಕು ಎಂದು ಅವಳಿಗೆ ಡಿಶ್ ಆಂಟೆನಾ ಸಮೇತ ಟಿವಿ ಕೊಡುತ್ತಾರೆ. ಮೀನುಗಾರರ ಆ ಕುದುರಿನಲ್ಲಿ ಅದೇ ಮೊದಲ ಬಣ್ಣದ ಟಿವಿ. ಅವಳ ಗುಡಿಸಲೇ ಟಾಕೀಸು. ಗುಲಾಬಿಯಾಗಿ ಶ್ರೇಷ್ಠ ನಟಿ ಪ್ರಶಸ್ತಿ ಗೆದ್ದ ಉಮಾಶ್ರೀ ನಮ್ಮದೇ ಜಿಲ್ಲೆಯ ನೊಣವಿನಕೆರೆಯವರು. 2013ರಿಂದ 2018ರವರೆಗೆ ಅವರು ಕನ್ನಡ ಮತ್ತು ಸಂಸ್ಕೃತಿ ಸಚಿವೆ, ರಾಜ್ಯೋತ್ಸವ ಪ್ರಶಸ್ತಿಯ ಕಡತಗಳೆಲ್ಲ ಓಡಾಡುವುದು ಆ ಇಲಾಖೆಯಲ್ಲೇ. 2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಪುಟ್ಟಕ್ಕ ಅವರೇ. ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುವ ತಾಯಿ. ಪ್ರಶಸ್ತಿ ಪಡೆದು, ಕೊಡುವ ಜಾಗದಲ್ಲಿ ಕೂತು, ಮತ್ತೆ ಬಣ್ಣ ಹಚ್ಚಿದವರು ಎಷ್ಟು ಮಂದಿ ಸಿಗುತ್ತಾರೆ?

◆ ಜೀ ಕನ್ನಡದ ‘ಕುಟುಂಬ ಅವಾರ್ಡ್ಸ್’, ಕಲರ್ಸ್ ಕನ್ನಡದ ‘ಅನುಬಂಧ ಅವಾರ್ಡ್ಸ್’, ಸ್ಟಾರ್ ಸುವರ್ಣದ ‘ಪರಿವಾರ ಅವಾರ್ಡ್ಸ್’. ಮೂರರಲ್ಲೂ ಒಂದು ಗುಟ್ಟಿದೆ, ಗುಟ್ಟೇನು ಬಂತು, ಎದುರಿಗೇ ಇದೆ. ಒಂದು ಚಾನೆಲಿನ ಪ್ರಶಸ್ತಿಯಲ್ಲಿ ಇನ್ನೊಂದು ಚಾನೆಲಿನ ಧಾರಾವಾಹಿಗೆ ಪ್ರವೇಶವಿಲ್ಲ. ಮನೆಯವರೇ ಸ್ಪರ್ಧಿಗಳು, ಮನೆಯವರೇ ಅತಿಥಿಗಳು. ಮೆಚ್ಚಿನ ಅತ್ತೆ, ಮೆಚ್ಚಿನ ಸೊಸೆ, ಮೆಚ್ಚಿನ ಜೋಡಿ ಎಂದು ನೆಂಟಸ್ತಿಕೆಯ ಹೆಸರಿನಲ್ಲೇ ವಿಭಾಗಗಳು. ಮದುವೆ ಮನೆಯಲ್ಲಿ ಬೀಗರಿಗೆಲ್ಲ ಎಲೆಅಡಿಕೆ ಕೊಟ್ಟಂತೆ, ಯಾರೂ ಬರಿಗೈಲಿ ಹೋಗುವುದಿಲ್ಲ. ತಪ್ಪೆಂದು ಹೇಳುತ್ತಿಲ್ಲ, ನೋಡಲು ಖುಷಿಯೇ. ಆದರೆ ಕ್ಯಾಮೆರಾ ಹಿಡಿದವನ, ಸಂಕಲನಕಾರನ, ದಿನಕ್ಕೆ ಒಂದು ಕಂತಿನ ಸಂಭಾಷಣೆ ಬರೆದುಕೊಡುವವನ ಹೆಸರು ಬಂದಾಗ ನಮ್ಮ ಮನೆಯಲ್ಲಿ ಯಾರಾದರೂ ನೀರು ಕುಡಿಯಲು ಎದ್ದುಹೋಗುತ್ತಾರೆ.

◆ ಧಾರಾವಾಹಿಯ ಅಸಲಿ ಪ್ರಶಸ್ತಿ ಪ್ರಕಟವಾಗುವುದು ವಾರಕ್ಕೊಮ್ಮೆ, ಗುರುವಾರ. ಅಂದು ಬಾರ್ಕ್ ಸಂಸ್ಥೆಯ ಟಿಆರ್‌ಪಿ ಅಂಕಿ ಹೊರಬೀಳುತ್ತದೆ. ದೇಶದಲ್ಲಿ ಟಿವಿ ಇರುವ ಮನೆ ಸುಮಾರು 21 ಕೋಟಿ. ಅಳೆಯುವ ಮೀಟರು ಇರುವುದು 50 ಸಾವಿರ ಚಿಲ್ಲರೆ ಮನೆಗಳಲ್ಲಿ. ಅಂದರೆ ಸುಮಾರು ನಾಲ್ಕು ಸಾವಿರ ಮನೆಗಳ ಪರವಾಗಿ ಒಂದು ಮನೆ. ಆ ಮನೆ ಯಾವುದೆಂದು ಯಾರಿಗೂ ಗೊತ್ತಾಗಬಾರದು. ಟಿವಿ ಮುಂದೆ ಕೂತಾಗ ಅಜ್ಜಿ ಅಜ್ಜಿಯ ಗುಂಡಿ ಒತ್ತಬೇಕು, ಮೊಮ್ಮಗ ಮೊಮ್ಮಗನ ಗುಂಡಿ ಒತ್ತಬೇಕು. ಎದ್ದುಹೋದರೆ ಮತ್ತೆ ಒತ್ತಬೇಕು. ಯಾವ ಚಾನೆಲ್ ಓಡುತ್ತಿದೆ ಎಂಬುದನ್ನು ಮೀಟರು ಪತ್ತೆ ಹಚ್ಚುವುದು ಕಿವಿಯಿಂದ! ಕಾರ್ಯಕ್ರಮದ ಧ್ವನಿಯೊಳಗೆ ನಮಗೆ ಕೇಳಿಸದ ಒಂದು ಗುರುತು ಸೇರಿಸಿರುತ್ತಾರೆ.

◆ ಪಕ್ಕದ ಕೇರಳದಲ್ಲಿ ಸರ್ಕಾರವೇ ಪ್ರತಿವರ್ಷ ಟಿವಿ ಪ್ರಶಸ್ತಿ ಕೊಡುತ್ತದೆ. 2021ರಲ್ಲಿ ಪ್ರಕಟವಾದ ಹಿಂದಿನ ಸಾಲಿನ ಪಟ್ಟಿಯಲ್ಲಿ ‘ಅತ್ಯುತ್ತಮ ಧಾರಾವಾಹಿ’ ಎಂಬಲ್ಲಿ ಯಾರ ಹೆಸರೂ ಇರಲಿಲ್ಲ. ಬಂದ ಧಾರಾವಾಹಿಗಳಲ್ಲಿ ಯೋಗ್ಯವಾದದ್ದು ಒಂದೂ ಇಲ್ಲ ಎಂದು ತೀರ್ಪುಗಾರರು ಕಡ್ಡಿ ಮುರಿದಂತೆ ಹೇಳಿ, ಹೆಂಗಸರನ್ನೂ ಮಕ್ಕಳನ್ನೂ ತೋರಿಸುವ ರೀತಿಯ ಬಗ್ಗೆ ಬೇಸರವನ್ನೂ ದಾಖಲಿಸಿದರು. ಎದೆಗಾರಿಕೆ ಅಂದರೆ ಇದು. ನಮ್ಮ ಚಾನೆಲ್ ಸಮಾರಂಭದಲ್ಲಿ ನಿರೂಪಕಿ ಲಕೋಟೆ ಬಿಚ್ಚಿ ‘ಈ ವರ್ಷ ಯಾವ ಅತ್ತೆಯೂ ಇಲ್ಲ’ ಅಂದರೆ ಏನಾದೀತು!

◆ ಆಂಧ್ರದಲ್ಲಿ ಸಿನಿಮಾಕ್ಕಷ್ಟೇ ಅಲ್ಲ, ಟಿವಿಗೂ ನಾಟಕಕ್ಕೂ ‘ನಂದಿ’ ಪ್ರಶಸ್ತಿ ಕೊಡುತ್ತಿದ್ದರು. ಆ ನಂದಿ ಲೇಪಾಕ್ಷಿಯದು. 15 ಅಡಿ ಎತ್ತರ, 27 ಅಡಿ ಉದ್ದದ ಏಕಶಿಲೆ. ಇರುವುದು ನಮ್ಮ ಗಡಿಯಾಚೆ, ಹಿಂದೂಪುರದ ಪಕ್ಕದಲ್ಲಿ. ತೆಲುಗು ಕಲಾವಿದರು ಹೆಮ್ಮೆಯಿಂದ ಮನೆಗೊಯ್ದ ಆ ಬಸವ ಕೂತಿರುವ ಊರಿನ ವೀರಭದ್ರ ದೇವಸ್ಥಾನದ ಶಾಸನಗಳಲ್ಲಿ ಬಹುಪಾಲು ಕನ್ನಡದವು. ಇತ್ತ ತೆಲಂಗಾಣ ತನ್ನ ಚಲನಚಿತ್ರ ಪ್ರಶಸ್ತಿಗೆ ಜನಪದ ಗಾಯಕ ಗದ್ದರ್ ಹೆಸರಿಟ್ಟುಕೊಂಡಿದೆ.

◆ ಪತ್ರಕರ್ತರಿಗೆ ಕರ್ನಾಟಕ ಸರ್ಕಾರ ಕೊಡುವ ದೊಡ್ಡ ಗೌರವ ಟಿಎಸ್ಸಾರ್ ಪ್ರಶಸ್ತಿ. ಟಿ.ಎಸ್. ರಾಮಚಂದ್ರರಾವ್ ‘ಪ್ರಜಾವಾಣಿ’ಯ ಸಂಪಾದಕರು, ‘ಛೂಬಾಣ’ದ ಟಿಎಸ್ಸಾರ್. ಇನ್ನು ಹಿಂದಿನ ಪತ್ರಿಕಾ ಅಕಾಡೆಮಿ ಈಗ ‘ಮಾಧ್ಯಮ ಅಕಾಡೆಮಿ’. ಹೆಸರು ಬದಲಾಗಲು ಕಾರಣ ಟಿವಿಯವರೇ. ವಾರ್ಷಿಕ ಪ್ರಶಸ್ತಿಯಲ್ಲಿ ಅವರಿಗೂ ಪಾಲು. 2024ರಲ್ಲಿ ಅದರ ಅಧ್ಯಕ್ಷರಾದ ಆಯೇಷಾ ಖಾನಂ ದೂರದರ್ಶನದ ಸುದ್ದಿ ವಿಭಾಗದಿಂದ ಬಂದವರು.

◆ ರಾಜ್ಯೋತ್ಸವ ಪ್ರಶಸ್ತಿಗೆ ಎಷ್ಟು ಮಂದಿ ಎಂಬುದಕ್ಕೆ ಈಚಿನ ವರ್ಷಗಳಲ್ಲಿ ಸುಲಭದ ಲೆಕ್ಕ: ಎಷ್ಟನೇ ರಾಜ್ಯೋತ್ಸವವೋ ಅಷ್ಟು ಜನ. 2022ರಲ್ಲಿ 67, 2023ರಲ್ಲಿ 68, 2024ರಲ್ಲಿ 69. ಜೊತೆಗೆ 5 ಲಕ್ಷ ರೂಪಾಯಿ, 25 ಗ್ರಾಂ ಚಿನ್ನದ ಪದಕ. ಸಿನಿಮಾ ಮತ್ತು ಕಿರುತೆರೆಯವರು ಕೂರುವುದು ಒಂದೇ ಪಂಕ್ತಿಯಲ್ಲಿ. ಬಡಿಸುವಾಗ ಸಿನಿಮಾದವರ ಎಲೆಗೆ ಮೊದಲು ಬೀಳುತ್ತದೆ ಎಂಬ ಗೊಣಗಾಟವೂ ಇದೆ.

◆ ಟಿವಿಗೆ ಪ್ರಶಸ್ತಿ ಕೊಡುವುದು ಒಂದು ಕಡೆಯಾದರೆ ಟಿವಿಯೇ ಪ್ರಶಸ್ತಿ ಕೊಡುವುದು ಇನ್ನೊಂದು ಕಡೆ. ನಾಡಿನ ಸಾಧಕರಿಗೆ ದೂರದರ್ಶನದ ‘ಚಂದನ ಪ್ರಶಸ್ತಿ’ ಇದೆ. ಟಿವಿ9 ಒಂಬತ್ತು ಸಾಧಕರನ್ನು ಆರಿಸಿ ‘ನವನಕ್ಷತ್ರ ಸನ್ಮಾನ’ ಕೊಡುತ್ತದೆ. ಆದರೆ ಊರಲ್ಲಿ ಬೆಲೆ ಹೆಚ್ಚಿರುವುದು ಹೆಸರಿನಲ್ಲಿ ಪ್ರಶಸ್ತಿಯೇ ಅಲ್ಲದ ಒಂದಕ್ಕೆ, ಜೀ ಕನ್ನಡದ ‘ವೀಕೆಂಡ್ ವಿತ್ ರಮೇಶ್’ನ ಸಾಧಕರ ಸೀಟಿಗೆ. 2014ರಲ್ಲಿ ಶುರುವಾದಾಗ ಅದರಲ್ಲಿ ಮೊದಲು ಕೂತವರು ಪುನೀತ್ ರಾಜ್‌ಕುಮಾರ್. ಪ್ರಾಥಮಿಕ ಶಾಲೆಯ ಮೇಷ್ಟ್ರನ್ನು ತೆರೆಮರೆಯಿಂದ ಕರೆಸಿದಾಗ ಆ ಸೀಟಿನಲ್ಲಿ ಅಳದವರು ಕಡಿಮೆ.

◆ ಊರ ಹೆಸರನ್ನೇ ಮನೆತನದ ಹೆಸರು ಮಾಡಿಕೊಂಡು ಗೆದ್ದವರೂ ನಮ್ಮ ಜಿಲ್ಲೆಯಲ್ಲಿದ್ದಾರೆ. ಕಾಮಿಡಿ ಶೋಗಳಿಂದ ಬಂದ ಮಂಜು ಪಾವಗಡ 2021ರಲ್ಲಿ ಬಿಗ್ ಬಾಸ್ ಕನ್ನಡದ 8ನೇ ಆವೃತ್ತಿ ಗೆದ್ದು 53 ಲಕ್ಷ ರೂಪಾಯಿ ಪಡೆದರು. ಕೋವಿಡ್ ಲಾಕ್‌ಡೌನಿಗೆ ಶೋ ಅರ್ಧಕ್ಕೆ ನಿಂತು, ಮನೆಗೆ ಹೋದವರು ಮತ್ತೆ ಒಳಗೆ ಬಂದ ವಿಚಿತ್ರ ಆವೃತ್ತಿ ಅದು. ಅದೇ ಪಾವಗಡದ 13 ಸಾವಿರ ಎಕರೆಯ ಸೋಲಾರ್ ಪಾರ್ಕಿನ ಸಾಮರ್ಥ್ಯ 2050 ಮೆಗಾವಾಟ್. ಎಷ್ಟು ಟಿವಿ ಓಡುತ್ತವೋ ನೀವೇ ಲೆಕ್ಕ ಹಾಕಿ.

◆ ಊರಲ್ಲಿ ಕೇಬಲ್ ನಡೆಸಲು ಮೊನ್ನೆಮೊನ್ನೆಯವರೆಗೂ ನೋಂದಣಿ ಮಾಡಿಸಬೇಕಾಗಿದ್ದುದು ಎಲ್ಲಿ? ದೂರದರ್ಶನದಲ್ಲಲ್ಲ, ಡಿಸಿ ಕಚೇರಿಯಲ್ಲೂ ಅಲ್ಲ, ಪ್ರಧಾನ ಅಂಚೆ ಕಚೇರಿಯಲ್ಲಿ! 1994ರ ನಿಯಮದಂತೆ ಅಂಚೆ ಕಚೇರಿಯ ಹಿರಿಯ ಪೋಸ್ಟ್‌ಮಾಸ್ಟರೇ ನೋಂದಣಿ ಅಧಿಕಾರಿಯಾಗಿದ್ದರು. ಶುಲ್ಕ 500 ರೂಪಾಯಿ. ಮನಿಆರ್ಡರ್ ಸಾಲಿನ ಪಕ್ಕದಲ್ಲೇ ಕೇಬಲ್‌ನವರೂ ನಿಲ್ಲಬೇಕಿತ್ತು. 2025ರ ಜನವರಿಯಲ್ಲಿ ನಿಯಮ ಬದಲಾಯಿತು: ಅರ್ಜಿ ಆನ್‌ಲೈನಿನಲ್ಲಿ, ನೇರ ಕೇಂದ್ರ ಸಚಿವಾಲಯಕ್ಕೆ, ಶುಲ್ಕ 5000 ರೂಪಾಯಿ, ಅವಧಿ 5 ವರ್ಷ.

◆ ಈ ಕೇಬಲ್‌ನವರ, ಜಿಲ್ಲಾ ವರದಿಗಾರರ ಕೈಚಳಕ ಗೊತ್ತಾಗುವುದು ಜಾತ್ರೆ–ಉತ್ಸವಗಳಲ್ಲಿ. ಗೂಳೂರು ಗಣೇಶನನ್ನೇ ತೆಗೆದುಕೊಳ್ಳಿ. ಬೇರೆಡೆ ಚೌತಿಗೆ ಪೂಜೆ, ಮೂರನೇ ದಿನಕ್ಕೆ ನೀರು. ಇಲ್ಲಿ ಚೌತಿಗೆ ಮೂರ್ತಿ ಮಾಡುವ ಕೆಲಸ ಶುರು. ಊರ ಕೆರೆಯ ಮಣ್ಣು, ಆಳೆತ್ತರವನ್ನು ಮೀರಿದ ಗಾತ್ರ, ಪೂಜೆ ಶುರುವಾಗುವುದು ದೀಪಾವಳಿಯ ಬಲಿಪಾಡ್ಯಮಿಗೆ. ಕಾರ್ತಿಕವಿಡೀ ಪೂಜೆ, ಆಮೇಲೆ ಮೆರವಣಿಗೆ, ಅದೇ ಕೆರೆಯಲ್ಲಿ ವಿಸರ್ಜನೆ. ಹದಿನೆಂಟು ಕೋಮಿನವರೂ ಸೇರಿ ನಡೆಸುವ ಹಬ್ಬ. ಅದನ್ನು ಸೆರೆಹಿಡಿಯುವ ಕ್ಯಾಮೆರಾದವನ ಪಾಡು ಯೋಚಿಸಿ: ಮದ್ದಿನ ಹೊಗೆ, ನೂಕುನುಗ್ಗಲು, ಒಮ್ಮೆ ಕತ್ತಲೆ, ಒಮ್ಮೆ ಕಣ್ಣು ಕುಕ್ಕುವ ಬೆಳಕು. ಅಂಗಿಯ ತುದಿಯಲ್ಲಿ ಲೆನ್ಸ್ ಒರೆಸಿಕೊಳ್ಳುತ್ತ, ಗಣಪನ ಮುಖವೂ ಕಾಣಬೇಕು, ಹೊತ್ತವರ ಭುಜವೂ ಕಾಣಬೇಕು. ಇದಕ್ಕೆ ಮರುಚಿತ್ರೀಕರಣ ಇಲ್ಲ. ತಪ್ಪಿದರೆ ಮುಂದಿನ ಕಾರ್ತಿಕ.

◆ 2019ರ ಜನವರಿ 21ರಂದು ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ ಕನ್ನಡದ ಸುದ್ದಿ ಚಾನೆಲುಗಳ ಗಾಡಿಗಳೆಲ್ಲ ಕ್ಯಾತ್ಸಂದ್ರದ ದಾರಿ ಹಿಡಿದವು. ಮರುದಿನ ಸಂಜೆಯವರೆಗೂ ನೇರಪ್ರಸಾರ. ಲಕ್ಷಾಂತರ ಜನರ ಸಾಲು, ಆ ದುಃಖದಲ್ಲೂ ಬಂದವರಿಗೆಲ್ಲ ನಡೆದ ದಾಸೋಹ. ಗಂಟಲು ಕಿತ್ತುಹೋಗುವಂತೆ ಕೂಗುವುದನ್ನೇ ರೂಢಿ ಮಾಡಿಕೊಂಡ ನಿರೂಪಕರೂ ಅಂದು ದನಿ ತಗ್ಗಿಸಿದ್ದರು. ನೇರಪ್ರಸಾರದ ಶಿಸ್ತಿಗೆ ನಮ್ಮಲ್ಲೊಂದು ಪ್ರಶಸ್ತಿ ಇದ್ದಿದ್ದರೆ ಆ ಎರಡು ದಿನಗಳ ತುಣುಕುಗಳನ್ನು ತೂಗಿ ನೋಡಬಹುದಿತ್ತು.

◆ ಅಮೆರಿಕದಲ್ಲಿ ಇಂಥವಕ್ಕೆ ಬೇರೆಯೇ ಮೆಟ್ಟಿಲು ಇದೆ. ದೊಡ್ಡ ಎಮ್ಮಿಯ ಜೊತೆಗೆ ಪ್ರಾದೇಶಿಕ ಎಮ್ಮಿ. ಇಪ್ಪತ್ತರ ಹತ್ತಿರ ಶಾಖೆಗಳು, ಒಂದೊಂದಕ್ಕೂ ಒಂದೊಂದು ಸೀಮೆ. ಸ್ಥಳೀಯ ನೇರಪ್ರಸಾರ, ಅಪಘಾತ–ಬೆಂಕಿಯ ತಕ್ಷಣದ ಸುದ್ದಿ, ಹವಾಮಾನ ಹೇಳುವವರು, ಕ್ಯಾಮೆರಾ, ಸಂಕಲನ, ಬೆಳಕು ಎಲ್ಲಕ್ಕೂ ವಿಭಾಗಗಳು. ಅದರಲ್ಲಿ ನನಗೆ ಹಿಡಿಸಿದ್ದು ಎರಡು ಕಟ್ಟಳೆ. ಒಂದು, ಈ ಸೀಮೆಯ ಕೆಲಸಕ್ಕೆ ತೀರ್ಪು ಕೊಡುವವರು ಬೇರೆ ಸೀಮೆಯ ಅದೇ ಕಸುಬಿನವರು. ತುಮಕೂರಿನ ಕ್ಯಾಮೆರಾದವನಿಗೆ ಅಂಕ ಹಾಕುವವನು ಬೀದರಿನ ಕ್ಯಾಮೆರಾದವನು ಅಂದುಕೊಳ್ಳಿ, ಬೀಗತನ ನಡೆಯದು. ಇನ್ನೊಂದು, ಎದುರಾಳಿಗಿಂತ ವಾಸಿ ಎಂದು ಗೆಲ್ಲುವಂತಿಲ್ಲ, ನಿಗದಿಯಾದ ಮಟ್ಟ ಮುಟ್ಟಬೇಕು. ಮೂವರು ಮುಟ್ಟಿದರೆ ಮೂವರಿಗೂ ಕೊಡಬಹುದು, ಯಾರೂ ಮುಟ್ಟದಿದ್ದರೆ ವಿಭಾಗ ಖಾಲಿ.

◆ ಸಣ್ಣ ಭಾಷೆಗಳ ಟಿವಿಗೇ ಮೀಸಲಾದ ಉತ್ಸವವೊಂದಿದೆ: ಕೆಲ್ಟಿಕ್ ಮೀಡಿಯಾ ಫೆಸ್ಟಿವಲ್. 1980ರಲ್ಲಿ ಸ್ಕಾಟ್ಲೆಂಡಿನ ಸೌತ್ ಯೂಸ್ಟ್ ಎಂಬ ದ್ವೀಪದಲ್ಲಿ ಶುರು. ಐರಿಷ್, ಗೇಲಿಕ್, ವೆಲ್ಶ್, ಬ್ರೆಟನ್, ಕಾರ್ನಿಷ್ ನಾಡುಗಳ ಕಾರ್ಯಕ್ರಮಗಳು ಪೈಪೋಟಿಗಿಳಿಯುತ್ತವೆ. ಬಹುಮಾನ ‘ಟಾರ್ಕ್’, ಹಳೆಯ ಕೆಲ್ಟರು ಕೊರಳಿಗೆ ಧರಿಸುತ್ತಿದ್ದ ತಿರುಚಿದ ಕಡಗದ ಹೆಸರಿನದು. ತುಳುವಿನ ‘ನಮ್ಮ ಕುಡ್ಲ’ದಂಥ ಚಾನೆಲುಗಳಿಗೆ ಇಂಥದ್ದೊಂದು ಪಂಕ್ತಿ ಬೇಕೆನಿಸುತ್ತದೆ. ಅಂದಹಾಗೆ ವೆಲ್ಶ್ ಭಾಷೆಯ ಚಾನೆಲ್ ‘ಎಸ್4ಸಿ’ ಶುರುವಾದದ್ದು 1982ರ ನವೆಂಬರ್ 1, ನಮ್ಮ ರಾಜ್ಯೋತ್ಸವದ ದಿನ! ಕೊಟ್ಟ ಮಾತಿನಂತೆ ಚಾನೆಲ್ ಕೊಡದಿದ್ದರೆ ಊಟ ಬಿಟ್ಟು ಕೂರುತ್ತೇನೆ ಎಂದು ಗ್ವಿನ್‌ಫೋರ್ ಎವನ್ಸ್ ಎಂಬ ಮುಖಂಡರು ಗುಡುಗಿದ ಮೇಲೆ ಬಂದದ್ದು.

◆ ಕಂಠದಾನ ಕಲಾವಿದರದು ಇನ್ನೊಂದು ಕಥೆ. ಕನ್ನಡಕ್ಕೆ ಡಬ್ಬಿಂಗ್ ಬೇಡವೆಂಬ ತಡೆ ಬಹುಕಾಲ ಇತ್ತು. 2015ರಲ್ಲಿ ಸ್ಪರ್ಧಾ ಆಯೋಗ ಚಲನಚಿತ್ರ ವಾಣಿಜ್ಯ ಮಂಡಳಿಗೂ ಕರ್ನಾಟಕ ಟೆಲಿವಿಷನ್ ಅಸೋಸಿಯೇಷನ್ನಿಗೂ ದಂಡ ಹಾಕಿತು. 2020ರ ಲಾಕ್‌ಡೌನಿನಲ್ಲಿ ಕೃಷ್ಣ, ಕರ್ಣ, ಶಕುನಿಯರೆಲ್ಲ ಸ್ಟಾರ್ ಸುವರ್ಣದಲ್ಲಿ ಅಚ್ಚ ಕನ್ನಡ ಮಾತಾಡಿದರು, ಜನ ಮುಗಿಬಿದ್ದು ನೋಡಿದರು. ಶಕುನಿಯ ದನಿ ಯಾರದು ಎಂದು ಮಾತ್ರ ಯಾರೂ ಕೇಳಲಿಲ್ಲ.

◆ ಅಮೆರಿಕದ ಆ ಪ್ರಾದೇಶಿಕ ಎಮ್ಮಿ ಶಾಖೆಗಳಲ್ಲಿ ‘ಸಿಲ್ವರ್ ಸರ್ಕಲ್’ ಎಂಬ ಗೌರವವೂ ಇದೆ, ಟಿವಿ ಕೆಲಸದಲ್ಲಿ 25 ವರ್ಷ ಸವೆಸಿದವರಿಗೆ. 50 ವರ್ಷವಾದರೆ ‘ಗೋಲ್ಡ್ ಸರ್ಕಲ್’. ಕನ್ನಡದಲ್ಲಿ ಆ 25ರ ಹೊಸ್ತಿಲಿಗೆ ಬಂದಿರುವ ಕಾರ್ಯಕ್ರಮ ನಿಮಗೆ ಗೊತ್ತಿರುವುದೇ: 2002ರ ಜನವರಿ 4ರಂದು ಚಂದನದಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’. ನಡೆಸಿಕೊಡುವವರು ವೃತ್ತಿಯಿಂದ ವೈದ್ಯರಾದ ಡಾ. ನಾ. ಸೋಮೇಶ್ವರ; ಕಂತುಗಳು ಮೂರು ಸಾವಿರ ದಾಟಿ ಎಷ್ಟೋ ಕಾಲವಾಗಿದೆ. ಕೋಟಿ ಗೆಲ್ಲಿಸುವ ಕ್ವಿಜ್‌ಗಳು ಬಂದವು, ಹೋದವು. ಇಲ್ಲಿ ಸರಿಯುತ್ತರಕ್ಕೆ ಸಿಗುವುದು ಕನ್ನಡ ಪುಸ್ತಕ. 2027ರ ಜನವರಿ 4ಕ್ಕೆ ಅದಕ್ಕೆ 25 ತುಂಬುತ್ತದೆ. ಡೈರಿಯಲ್ಲಿ ಗುರುತು ಹಾಕಿಕೊಳ್ಳಿ, ಸೋಮವಾರ.